ಬಾಲ್ಕನಿ ಮಿಸ್ಸಿನ ರಿಜಿಸ್ಟರ್ ಪುಸ್ತಕ

ಹೊಸದಾಗಿ ಓದುವವರಿಗೆ ಎರಡು ಮಾತು. ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಪಿಕ್ಚರ್ ಹುಚ್ಚು ನೌಕರಿಗಿಂತ ಹಳೇದು. ನೋಡಿದ ಪ್ರತಿ ಸಿನಿಮಾವನ್ನೂ ಉದ್ದನೆಯ ರಿಜಿಸ್ಟರ್ ಪುಸ್ತಕದಲ್ಲಿ ಬರೆದಿಡುತ್ತೇನೆ: ತಾರೀಖು, ಥಿಯೇಟರ್, ಟಿಕೆಟ್ ದರ, ಜೊತೆಗೆ ಬಂದವರು. ಕೊನೆಯ ಕಾಲಂ ‘ಗ’. ಗ ಅಂದರೆ ಗಡಿಯಾರ. ರೇಡಿಯಂ ಮುಳ್ಳಿನ ಹಳೇ ಎಚ್‌ಎಂಟಿ ವಾಚನ್ನು ಕತ್ತಲಲ್ಲಿ ಎಷ್ಟು ಸಲ ನೋಡಿಕೊಂಡೆ ಅನ್ನುವ ಲೆಕ್ಕ. ನನ್ನ ವಿಮರ್ಶೆ ಅಂತ ಏನಾದರೂ ಇದ್ದರೆ ಅಷ್ಟೇ. ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೋಟಿಗಟ್ಟಲೆ ಸುರಿದ ಸಿನಿಮಾಗಳ ಮೇಲೇ ಇವೆ. ಉಳಿದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಿ.

● ಮೇಡಂ, ‘ಕಾಂತಾರ: ಚಾಪ್ಟರ್ 1’ ನಿಮಗೆ ಹಿಡಿಸಿತಾ? ಮೊದಲನೆಯದೇ ಮೇಲು ಅಂತ ನಾನು, ಇದೇ ಮೇಲು ಅಂತ ನನ್ನ ತಮ್ಮ. ನಮ್ಮ ಮನೆಯಲ್ಲಿ ಇನ್ನೂ ಜಗಳ ನಿಂತಿಲ್ಲ.
— ಬ್ಯಾಂಕ್ ಉದ್ಯೋಗಿ, ಕುಂದಾಪುರ

ಅದು ಬಿಡುಗಡೆಯಾದ 2025ರ ಅಕ್ಟೋಬರ್ 2 ವಿಜಯದಶಮಿ. ಮೈಸೂರಿನವರಿಗೆ ಅವತ್ತು ಜಂಬೂಸವಾರಿ ಬಿಟ್ಟು ಬೇರೆ ಸಿನಿಮಾ ಇಲ್ಲ. ಮನೆ ತುಂಬ ನೆಂಟರು, ರಸ್ತೆ ತುಂಬ ಬ್ಯಾರಿಕೇಡು. ಮಾರನೇ ದಿನ ಬೆಳಗಿನ ಆಟಕ್ಕೆ ಆರು ಜನ ಹೋದೆವು. ಪುಸ್ತಕದಲ್ಲಿ ಬರೆದದ್ದು ಗ: 3.

ರಥ ಹುಚ್ಚೆದ್ದು ಓಡುವ ಭಾಗದಲ್ಲಿ ನಾನು ವಾಚು ಕಟ್ಟಿದ್ದೇ ಮರೆತಿದ್ದೆ. ಕಾಡು, ಬೆಂಕಿ, ಬಂದರು ಎಲ್ಲದರಲ್ಲೂ ದುಡ್ಡು ಕಾಣುತ್ತದೆ, ಕಾಣುವ ಹಾಗೇ ಖರ್ಚು ಮಾಡಿದ್ದಾರೆ. ಆದರೆ ಯುದ್ಧ ಶುರುವಾದ ಮೇಲೆ ಯಾರು ಬಿದ್ದರೂ ನನಗೆ ಅಯ್ಯೋ ಅನ್ನಿಸಲಿಲ್ಲ. ಬಿದ್ದವನ ಹೆಸರೇ ನೆನಪಿಲ್ಲದಿದ್ದರೆ ಅಯ್ಯೋ ಎಲ್ಲಿಂದ ಬರಬೇಕು?

2022ರ ಸೆಪ್ಟೆಂಬರ್ 30ಕ್ಕೆ ಬಂದ ಮೊದಲ ‘ಕಾಂತಾರ’ದ ಪುಟ ತಿರುವಿ ನೋಡಿದೆ. ಗ: 0. ಸುಮಾರು 16 ಕೋಟಿಯಲ್ಲಿ ಮುಗಿಸಿದ ಸಿನಿಮಾ ಅದು. ಅದರಲ್ಲಿ ಶಿವ ಕೆಲಸವಿಲ್ಲದೆ ಅಲೆಯುತ್ತಾನೆ, ಸ್ನೇಹಿತರ ಜೊತೆ ಹರಟುತ್ತಾನೆ, ಅಮ್ಮನ ಹತ್ತಿರ ವಾಚಾಮಗೋಚರ ಬೈಸಿಕೊಳ್ಳುತ್ತಾನೆ. ಆ ಬೈಗುಳ ಕೇಳಿ ನಕ್ಕಿದ್ದೇವಲ್ಲ, ಅದಕ್ಕೇ ಕೊನೆಯ ಇಪ್ಪತ್ತು ನಿಮಿಷ ನಮ್ಮನ್ನು ಅಲ್ಲಾಡಿಸಿದ್ದು. ದೈವ ಮೈಮೇಲೆ ಬಂದವನು ಎಲ್ಲರ ಕೈ ಸೇರಿಸಿ ಎದೆಗೆ ಒತ್ತಿಕೊಳ್ಳುವಾಗ ನನ್ನ ಪಕ್ಕದ ಹುಡುಗ ಪಾಪ್‌ಕಾರ್ನ್ ಹಿಡಿದ ಕೈಯನ್ನು ಬಾಯಿಗೂ ಒಯ್ಯದೆ, ಡಬ್ಬಿಗೂ ಇಳಿಸದೆ ಹಾಗೇ ಕೂತಿದ್ದ.

ಜಗಳದ ತೀರ್ಪು: ನಿಮ್ಮ ಕಡೆ ಮೂರು ಅಂಕ ಹೆಚ್ಚು. ಆದರೆ ರಥದ ಸೀನಿನಲ್ಲಿ ತಮ್ಮನ ಜೊತೆ ಶಿಳ್ಳೆ ಹೊಡೆಯಲು ನಾನೂ ಬರುತ್ತೇನೆ.

● ಮಿಸ್, ‘ಪುಷ್ಪ 2’ ಮೂರು ಗಂಟೆ ಇಪ್ಪತ್ತು ನಿಮಿಷ. ‘ಅನಿಮಲ್’ ಅದಕ್ಕಿಂತ ಒಂದು ನಿಮಿಷ ಜಾಸ್ತಿ. ‘ಧುರಂಧರ್’ ಮೂರೂವರೆ ಗಂಟೆ. ಇಷ್ಟು ಉದ್ದ ಯಾಕೆ ತೆಗೀತಾರೆ?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

200 ನಿಮಿಷ ಅಂದರೆ ನಲವತ್ತು ನಿಮಿಷದ ಐದು ಪೀರಿಯಡ್ಡು. ಒಬ್ಬನೇ ಮೇಷ್ಟ್ರು ಐದು ಪೀರಿಯಡ್ಡು ಒಂದೇ ಪಾಠ ಮಾಡಿದರೆ ನೀವು ಕೂರುತ್ತಿದ್ದಿರಾ? ಸಾಲದು ಅಂತ ‘ಪುಷ್ಪ 2’ಕ್ಕೆ 2025ರ ಜನವರಿಯಲ್ಲಿ ಇನ್ನೂ 20 ನಿಮಿಷ ಸೇರಿಸಿ ‘ರೀಲೋಡೆಡ್’ ಅಂತ ಬಿಟ್ಟರು. ಅದು ಅರ್ಧ ಪೀರಿಯಡ್ಡು, ಸ್ಪೆಷಲ್ ಕ್ಲಾಸು.

ಹಾಗಂತ ಅದನ್ನು ಪೂರ್ತಿ ಬೈಯಲಾರೆ. ಹೆಂಡತಿ ಕೇಳಿದಳು ಅಂತ ಪುಷ್ಪ ಮುಖ್ಯಮಂತ್ರಿಯ ಜೊತೆ ಒಂದು ಫೋಟೋ ತೆಗೆಸಿಕೊಳ್ಳಲು ಹೋಗುತ್ತಾನೆ, ಆತ ಆಗಲ್ಲ ಅನ್ನುತ್ತಾನೆ, ಹಾಗಿದ್ದರೆ ಮುಖ್ಯಮಂತ್ರಿಯನ್ನೇ ಬದಲಾಯಿಸಿಬಿಡೋಣ ಅಂತ ಇವನು ಹೊರಡುತ್ತಾನೆ. ಇಷ್ಟು ದೊಡ್ಡ ಗಲಾಟೆಗೆ ಇಷ್ಟು ಸಣ್ಣ ಕಾರಣ! ಫೋಟೋ ಇಲ್ಲದೆ ಬರಿಗೈಲಿ ಬಂದ ಗಂಡ ಎಲ್ಲರ ಮನೆಯಲ್ಲೂ ಇರುತ್ತಾನೆ, ಅದಕ್ಕೇ ಅದು ನಾಟುತ್ತದೆ. ಸೀರೆಯುಟ್ಟು, ಮೈಗೆ ನೀಲಿ ಬಳಿದುಕೊಂಡು ಗಂಗಮ್ಮನ ಜಾತ್ರೆಯಲ್ಲಿ ಅಲ್ಲು ಅರ್ಜುನ್ ಕುಣಿದಾಗ ನಮ್ಮ ಸಾಲಿನ ಅಜ್ಜಿಯೊಬ್ಬರು ಕೈ ಮುಗಿದರು. ನನ್ನ ಪ್ರಕಾರ ಸಿನಿಮಾ ಅಲ್ಲಿಗೆ ಮುಗಿಯಿತು. ಅವರ ಪ್ರಕಾರ ಇನ್ನೂ ಸುಮಾರಿತ್ತು. ಗ: 5, ಅದರಲ್ಲಿ ನಾಲ್ಕು ಜಾತ್ರೆ ಆದಮೇಲಿನವು.

ಉದ್ದದಿಂದ ಥಿಯೇಟರಿನವರಿಗೇ ಕಷ್ಟ. ಸಿನಿಮಾ 200 ನಿಮಿಷ, ಇಂಟರ್‌ವಲ್ ಹದಿನೈದು, ಗುಡಿಸಿ ಮುಂದಿನವರನ್ನು ಒಳಗೆ ಬಿಡಲು ಇನ್ನೊಂದು ಹದಿನೈದು. ಹತ್ತಿರ ಹತ್ತಿರ ನಾಲ್ಕು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೂ ನಾಲ್ಕು ಆಟಕ್ಕೆ ರಾತ್ರಿ ಒಂದು ಗಂಟೆ ಆಗುತ್ತದೆ. ಐದನೇ ಆಟ ಬೇಕಾದರೆ ಹಾಲಿನವನ ಜೊತೆ ಎದ್ದು ಬರಬೇಕು. ಇಷ್ಟಾದರೂ ಉದ್ದ ತೆಗೆಯುತ್ತಾರೆ ಅಂದರೆ ಎಡಿಟಿಂಗ್ ರೂಮಿನಲ್ಲಿ ‘ಸಾಕು’ ಅನ್ನುವ ಧೈರ್ಯ ಯಾರಿಗೂ ಇಲ್ಲ ಅಂತಲೇ ನನ್ನ ಗುಮಾನಿ.

● ‘ಗೇಮ್ ಚೇಂಜರ್’, ‘ಇಂಡಿಯನ್ 2’. ಎರಡರಲ್ಲಿ ಯಾವುದನ್ನು ಮನೆಯಲ್ಲಿ ಕೂತು ನೋಡಬಹುದು?
— ಗೃಹಿಣಿ, ಮಂಡ್ಯ

ಇಸ್ತ್ರಿ ಮಾಡುವ ಬಟ್ಟೆ ಎಷ್ಟಿದೆ ಅನ್ನುವುದರ ಮೇಲೆ. ಜಾಸ್ತಿ ಇದ್ದರೆ ಎರಡೂ.

● ಸಾವಿರ ಕೋಟಿ ಗಳಿಕೆ ಅಂತ ಪೋಸ್ಟರ್ ಹಾಕ್ತಾರಲ್ಲ ಮೇಡಂ, ಅಷ್ಟೂ ದುಡ್ಡು ನಿರ್ಮಾಪಕರ ಜೇಬಿಗೇ ಹೋಗುತ್ತಾ?
— ಕಿರಾಣಿ ಅಂಗಡಿಯವರು, ಅರಸೀಕೆರೆ

ಅಂಗಡಿಯವರಾಗಿ ನೀವೇ ಹೀಗೆ ಕೇಳಿದರೆ ಹೇಗೆ? ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಲಾಭವಾ?

ಬನ್ನಿ, ಬೋರ್ಡಿನ ಮೇಲೆ ಬರೆಯೋಣ. 236 ರೂಪಾಯಿಯ ಒಂದು ಟಿಕೆಟ್ ತಗೊಳ್ಳಿ. ನೂರು ರೂಪಾಯಿ ದಾಟಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18. ಅಂದರೆ 36 ರೂಪಾಯಿ ಸರ್ಕಾರಕ್ಕೆ, ಉಳಿದದ್ದು 200. ಮೊದಲ ವಾರದಲ್ಲಿ ಅದರ ಸುಮಾರು ಅರ್ಧ ಥಿಯೇಟರ್‌ಗೆ, ಅರ್ಧ ವಿತರಕರ ಕಡೆಗೆ. ವಾರ ಕಳೆದ ಹಾಗೆ ಮಲ್ಟಿಪ್ಲೆಕ್ಸಿನ ಪಾಲು ಹೆಚ್ಚುತ್ತದೆ, ವಿತರಕರದ್ದು ಇಳಿಯುತ್ತದೆ. ಪೋಸ್ಟರಿನ ಮೇಲೆ ಇರುವುದು ಈ 236. ನಿರ್ಮಾಪಕರ ದಿಕ್ಕಿಗೆ ಹೊರಡುವುದು 100, ಅದರಲ್ಲೂ ವಿತರಕರ ಕಮಿಷನ್, ಪ್ರಚಾರದ ಖರ್ಚು ಕಳೆಯಬೇಕು. ಇದೇ ಅಳತೆಯಲ್ಲಿ ಸಾವಿರ ಕೋಟಿಗೆ ತೆರಿಗೆ ತೆಗೆದರೆ 847 ಕೋಟಿ, ಪಾಲು ಹಂಚಿದರೆ 423. ಸಿನಿಮಾಗೆ ಆದ ಖರ್ಚೇ 400 ಕೋಟಿ ಅಂತ ಅವರೇ ಹೇಳಿಕೊಂಡಿದ್ದರೆ ಸಾಲದ ಬಡ್ಡಿ ಎಲ್ಲಿಂದ ಕಟ್ಟುತ್ತಾರೆ ಅಂತ ಕೇಳಬೇಕಾಗುತ್ತದೆ. ಒಟಿಟಿ, ಟೀವಿ, ಆಡಿಯೊ ಹಕ್ಕುಗಳ ದುಡ್ಡು ಬೇರೆ ಬರುತ್ತದೆ, ಬದುಕುವುದು ಅದರಿಂದ.

ಹುಡುಗರು ಈ ಕೋಟಿಗಳನ್ನು ಹಿಡಿದು ಒಬ್ಬರ ಹೀರೋನ ಇನ್ನೊಬ್ಬರು ಹೀಯಾಳಿಸುವುದು ಮಾತ್ರ ನನಗೆ ಅರ್ಥವಾಗದ ಲೆಕ್ಕ. ಆ ದುಡ್ಡಲ್ಲಿ ಅವರಿಗೆ ಬರುವುದು ಸೊನ್ನೆ. ಕೊಟ್ಟದ್ದು 236.

● ಮೇಡಂರೀ, ಈಗಿನ ಪಿಕ್ಚರ್‌ಗೋಳು ಕಿವಿ ತೂತು ಬೀಳೂ ಹಂಗ ಸೌಂಡ್ ಮಾಡ್ತಾವ. ಮನಿಗೆ ಬಂದ್ಮ್ಯಾಲೂ ತಲ್ಯಾಗ ಗುಂಯ್ ಅಂತದ. ಏನ್ ಮಾಡೂಣು?
— ನಿವೃತ್ತ ರೈಲ್ವೆ ನೌಕರರು, ಹುಬ್ಬಳ್ಳಿ

ರೈಲು ಕೂಗಿದ್ದು ತಡಕೊಂಡವರೇ ಹೀಗಂದರೆ ನಮ್ಮ ಗತಿ?

ನನ್ನ ಹಳೇ ವಿದ್ಯಾರ್ಥಿಯೊಬ್ಬ ಥಿಯೇಟರ್ ಒಂದರಲ್ಲಿ ಆಪರೇಟರ್. ಲಾಗರಿದಮ್ ಟೇಬಲ್ ಕಂಡರೆ ಕಿಟಕಿ ಹಾರುತ್ತಿದ್ದವನು, ಈಗ ದಿನವಿಡೀ ಡೆಸಿಬಲ್ ಜೊತೆ ಸಂಸಾರ ಮಾಡುತ್ತಾನೆ. ಡೆಸಿಬಲ್ ಅಂದರೆ ಲಾಗರಿದಮ್ಮೇ ಕಣೋ ಅಂದೆ. ಹಣೆ ಚಚ್ಚಿಕೊಂಡ. ಹತ್ತು ಡೆಸಿಬಲ್ ಏರಿಸಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿಸಿದರೆ ನೂರು ಪಟ್ಟು.

ಅವನು ಪ್ರೊಜೆಕ್ಷನ್ ರೂಮಿಗೆ ಕರೆದುಕೊಂಡು ಹೋಗಿ ತೋರಿಸಿದ. ಸೌಂಡ್ ಪ್ರೊಸೆಸರ್ ಮೇಲೆ ಒಂದು ಅಂಕಿ ಇರುತ್ತದೆ. ಏಳು ಅಂದರೆ ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿದ ಮಟ್ಟ. ಈಗಿನ ಫೈಟ್ ಸಿನಿಮಾಗಳಿಗೆ ಇವನು ಅದನ್ನು ಐದಕ್ಕೋ, ನಾಲ್ಕೂವರೆಗೋ ಇಳಿಸುತ್ತಾನಂತೆ. ಇಳಿಸಿದರೆ ಹಿರಿಯರು ಬಂದು ‘ಮಾತೇ ಕೇಳಿಸ್ತಿಲ್ಲ’ ಅನ್ನುತ್ತಾರೆ, ಏರಿಸಿದರೆ ಅವರೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಹಿನ್ನೆಲೆ ಸಂಗೀತವನ್ನು ಮಾತಿನ ತಲೆ ಮೇಲೆ ಕೂರಿಸಿ ಕಳಿಸಿದರೆ ಬಡ ಆಪರೇಟರ್ ಏನು ಮಾಡಿಯಾನು? 2024ರ ನವೆಂಬರ್‌ನಲ್ಲಿ ತಮಿಳಿನ ‘ಕಂಗುವ’ ಬಂದಾಗ ದೂರು ಎಷ್ಟಾಯಿತು ಅಂದರೆ ವಾಲ್ಯೂಮನ್ನು ಎರಡು ಪಾಯಿಂಟ್ ಇಳಿಸಿ ಅಂತ ನಿರ್ಮಾಪಕರೇ ಥಿಯೇಟರಿನವರಿಗೆ ಹೇಳಬೇಕಾಯಿತು.

ನೀವು ಮಾಡಬಹುದಾದ್ದು: ಇಂಟರ್‌ವಲ್‌ನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ ಮರ್ಯಾದೆಯಿಂದ ಕೇಳಿ. ನಾಲ್ಕು ಜನ ಕೇಳಿದರೆ ಇಳಿಸುತ್ತಾರೆ. ನಾನು ಎರಡು ಸಲ ಇಳಿಸಿಸಿದ್ದೇನೆ. ಒಂದು ಸಲ ಹಿಂದಿನ ಸಾಲಿನ ಹುಡುಗರು ‘ಯಾವನ್ಲಾ ಸೌಂಡ್ ಕಮ್ಮಿ ಮಾಡಿದ್ದು’ ಅಂತ ಕೂಗಿದರು. ‘ಯಾವನು’ ಅಂದದ್ದರಿಂದ ನಾನು ಸುಮ್ಮನೆ ಕೂತಿದ್ದೆ.

● ‘ಕೆಜಿಎಫ್’ ಆದಮೇಲೆ ಕನ್ನಡದಲ್ಲಿ ಎಲ್ಲರೂ ಮಸಿ ಬಳಿದ ಹಾಗೇ ಸಿನಿಮಾ ತೆಗೆಯುತ್ತಿದ್ದಾರೆ ಅನ್ನಿಸುವುದಿಲ್ಲವೇ?
— ಫೋಟೋ ಸ್ಟುಡಿಯೋ ಮಾಲೀಕರು, ಚಿತ್ರದುರ್ಗ

ನಿಜವಾದ ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು. ಗಾಂಧಿನಗರದವರು ಇನ್ನೂ ಅಗೆಯುತ್ತಲೇ ಇದ್ದಾರೆ. 2023ರ ‘ಕಬ್ಜ’ ನೋಡುವಾಗ ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು. ಕೊಳೆ ಗಾಜಿನದಲ್ಲ, ಪರದೆಯದು ಅಂತ ಇಂಟರ್‌ವಲ್‌ನಲ್ಲಿ ಗೊತ್ತಾಯಿತು.

2018ರ ಡಿಸೆಂಬರ್ 21ಕ್ಕೆ ಬಂದ ಮೊದಲ ‘ಕೆಜಿಎಫ್’ನಲ್ಲಿ ಒಂದು ಸೀನಿದೆ. ಮುಂಬೈಯ ರಸ್ತೆ, ಕೂಸನ್ನು ಎತ್ತಿಕೊಂಡ ಹೆಂಗಸಿನ ಕೈಯಿಂದ ಬನ್ನು ಕೆಳಗೆ ಬೀಳುತ್ತದೆ. ವಾಹನಗಳು ಮೇಲೆ ಮೇಲೆ ಬರುತ್ತಿವೆ. ರಾಕಿ ಬಂದು ಅಡ್ಡ ನಿಲ್ಲುತ್ತಾನೆ, ಇಡೀ ಟ್ರಾಫಿಕ್ ನಿಲ್ಲುತ್ತದೆ, ಒಂದು ಬನ್ನಿಗಾಗಿ. ಅವನು ತನ್ನ ತಾಯಿಗೆ ಕೊಟ್ಟ ಮಾತು ನಮಗೆ ಅದಾಗಲೇ ಗೊತ್ತಿರುವುದರಿಂದ ಆ ಬನ್ನಿನ ತೂಕ ಗೊತ್ತಾಗುತ್ತದೆ. ಆಮೇಲೆ ಎಷ್ಟು ಜನರನ್ನು ಹೊಡೆದರೂ ನಾವು ಅವನ ಪಕ್ಷ. ಹಿಂದಿನಿಂದ ಬಂದವರು ಬನ್ನು ಬಿಟ್ಟು ಮಸಿ ಮಾತ್ರ ತಗೊಂಡರು. ಮಸಿ ಅಗ್ಗ, ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಬನ್ನನ್ನು ಕತೆ ಬರೆಯುವವನು ಹುಡುಕಬೇಕು.

● ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಸುದ್ದಿ ಓದಿ ಖುಷಿಪಟ್ಟಿದ್ದೆವು. ಏನಾಯಿತು?
— ಆಟೊ ಚಾಲಕರು, ತುಮಕೂರು

2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ಹೇಳಿದರು. ಸೆಪ್ಟೆಂಬರ್ 12ಕ್ಕೆ ಆದೇಶ ಬಂತು: ತೆರಿಗೆ ಬಿಟ್ಟು 200, ಎಪ್ಪತ್ತೈದು ಅಥವಾ ಅದಕ್ಕಿಂತ ಕಮ್ಮಿ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಹನ್ನೊಂದು ದಿನ. ‘ಕಾಂತಾರ’ಕ್ಕೆ ಇನ್ನು ಒಂಬತ್ತೇ ದಿನ ಇತ್ತು.

ಹಾಗಾಗಿ ಮಾಲ್ ಒಂದರಲ್ಲಿ ನಾವು ಆರು ಜನಕ್ಕೆ ಕೊಟ್ಟದ್ದು 2,400 ರೂಪಾಯಿ. ಬಾಗಿಲಲ್ಲಿ ಬ್ಯಾಗು ತಡಕಿ ನನ್ನ ಚಕ್ಕುಲಿ ಡಬ್ಬಿ ಹಿಡಿದರು. ಹಬ್ಬದ ಚಕ್ಕುಲಿ, ಎಳ್ಳು ಹಾಕಿದ್ದು. ಒಳಗೆ ಬಿಡುವುದಿಲ್ಲ ಅಂದರು. ನಾನು ಅಲ್ಲೇ ಮುಚ್ಚಳ ತೆಗೆದು ತಡಕಿದ ಹುಡುಗಿಗೆ ಎರಡು, ಪಕ್ಕದವನಿಗೆ ಎರಡು ಕೊಟ್ಟೆ. ತಿಂದರು. ಡಬ್ಬಿ ಮಾತ್ರ ಹೊರಗೇ ಉಳಿಯಿತು. ಒಳಗೆ ಪಾಪ್‌ಕಾರ್ನ್ ಕೊಂಡೆವು ಅನ್ನಿ, ಮಕ್ಕಳು ಬಿಡಬೇಕಲ್ಲ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನಿಗೆ ಕೊಟ್ಟ ವಿವರಣೆ ಓದಿದ್ದೀರಾ? ಉಪ್ಪು ಖಾರದ ಬಿಡಿ ಪಾಪ್‌ಕಾರ್ನಿಗೆ ಶೇ 5, ಪೊಟ್ಟಣ ಕಟ್ಟಿದರೆ 12, ಸಕ್ಕರೆ ಪಾಕದ್ದಾದರೆ 18 ಅಂತ ಇತ್ತು ಆಗ. ನನ್ನ ಮೂವತ್ತೆರಡು ವರ್ಷದಲ್ಲಿ ಇಷ್ಟು ಚೆಂದದ ಪ್ರಶ್ನೆಯನ್ನು ಪರೀಕ್ಷೆಗೆ ಕೊಡಲಾಗಲಿಲ್ಲ.

● ಏಳು ವರ್ಷದ ಮಗನನ್ನು ಫಸ್ಟ್ ಡೇ ಫಸ್ಟ್ ಶೋಗೆ ಕರೆದುಕೊಂಡು ಹೋಗಬಹುದಾ? ತುಂಬಾ ಹಟ ಮಾಡ್ತಾನೆ.
— ತಂದೆ, ಬಳ್ಳಾರಿ

ಬೇಡ. 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ ‘ಪುಷ್ಪ 2’ ಪ್ರೀಮಿಯರ್ ದಿನ ನೂಕುನುಗ್ಗಲಾಗಿ ಒಬ್ಬ ತಾಯಿ ತೀರಿಕೊಂಡರು, ಮಗ ಆಸ್ಪತ್ರೆ ಸೇರಿದ. ಸೋಮವಾರದ ಮ್ಯಾಟಿನಿಗೂ ಅದೇ ಹೀರೋ ಅದೇ ಡ್ಯಾನ್ಸು ಮಾಡುತ್ತಾನೆ. ಹೋಗುವ ಮುಂಚೆ ಸರ್ಟಿಫಿಕೇಟ್ ನೋಡಿ. ಈಗ ಯುಎ ಪಕ್ಕದಲ್ಲೇ 7, 13, 16 ಅಂತ ವಯಸ್ಸು ಹಾಕಿರುತ್ತಾರೆ.

● ದೊಡ್ಡ ಬಜೆಟ್ ಸಿನಿಮಾಗಳಲ್ಲಿ ನಟಿಯರಿಗೆ ಕೆಲಸವೇ ಇರುವುದಿಲ್ಲ ಯಾಕೆ?
— ರಂಗಭೂಮಿ ಕಲಾವಿದೆ, ಹೆಗ್ಗೋಡು

ಇರುವುದೇ ಇಲ್ಲ ಅನ್ನಲಾರೆ. ‘ಕೂಲಿ’ಯಲ್ಲಿ ರಜನಿಕಾಂತ್, ನಾಗಾರ್ಜುನ, ಆಮಿರ್, ನಮ್ಮ ಉಪೇಂದ್ರ ಇಷ್ಟು ಜನ ಗಂಡಸರು ಜಾಗಕ್ಕೆ ನೂಕಾಡುತ್ತಿರುವಾಗ ನಮ್ಮ ರಚಿತಾ ರಾಮ್ ನಡುವೆ ನುಗ್ಗಿ ಸಿನಿಮಾವನ್ನೇ ಹೊತ್ತೊಯ್ದರು. ಆದರೆ ನಿಮ್ಮ ಮಾತು ಬಹುಪಾಲು ಸರಿ. ರುಕ್ಮಿಣಿ ವಸಂತ್‌ಗೆ ‘ಚಾಪ್ಟರ್ 1’ ಕಿರೀಟ ಕೊಟ್ಟಿತು, ಕತ್ತಿ ಕೊಟ್ಟಿತು, ಒಂದು ತಿರುವನ್ನೂ ಕೊಟ್ಟಿತು. ನನಗೆ ನೆನಪಿರುವ ರುಕ್ಮಿಣಿ ಮಾತ್ರ 2023ರ ‘ಸಪ್ತ ಸಾಗರದಾಚೆ ಎಲ್ಲೋ’ದ ಪ್ರಿಯಾ. ಹುಡುಗ ಯಾರದೋ ತಪ್ಪು ತಲೆ ಮೇಲೆ ಹೊತ್ತು ಜೈಲಿಗೆ ಹೋಗಿದ್ದಾನೆ, ಇವಳಿಗೆ ಕಡಲ ಪಕ್ಕ ಒಂದು ಮನೆಯ ಆಸೆ. ಕಿರೀಟವಿಲ್ಲದೆ ಆ ಮುಖದ ಮೇಲೆ ಎಷ್ಟು ಬಂದು ಹೋಯಿತು! ಅವತ್ತು ನಾನು ವಾಚು ನೋಡಿಲ್ಲ, ಕರ್ಚೀಫು ಹುಡುಕಿದ್ದೇನೆ.

● ಸ್ಟಾರ್ ಇಲ್ಲದೆ ಥಿಯೇಟರ್ ತುಂಬುತ್ತಾ ಈ ಕಾಲದಲ್ಲಿ?
— ಪದವಿ ವಿದ್ಯಾರ್ಥಿನಿ, ಹಾಸನ

2025ರ ಜುಲೈ 25ರ ಶುಕ್ರವಾರ ನೆನಪಿಸಿಕೊಳ್ಳಿ. ಒಂದೇ ದಿನ ಎರಡು ಸಿನಿಮಾ. ಒಂದರಲ್ಲಿ ಸ್ಟಾರ್ ಹೋಗಲಿ, ಮನುಷ್ಯರೇ ಇಲ್ಲ: ಆನಿಮೇಷನ್ನಿನ ‘ಮಹಾವತಾರ್ ನರಸಿಂಹ’. ಇನ್ನೊಂದು ನಮ್ಮ ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ನಟಿಸಿದ ‘ಸು ಫ್ರಮ್ ಸೋ’. ಎರಡೂ ವಾರದೊಳಗೆ ಬಾಯಿಂದ ಬಾಯಿಗೆ ಹಬ್ಬಿದವು. ಸೋಮವಾರದ ಮ್ಯಾಟಿನಿಗೆ ಟಿಕೆಟ್ ಇಲ್ಲ ಅಂತ ನಾನು ವಾಪಸು ಬಂದದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು. ಕೋಪ ಬರಲಿಲ್ಲ, ಹೌಸ್‌ಫುಲ್ ಬೋರ್ಡಿನ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

‘ಸು ಫ್ರಮ್ ಸೋ’ದಲ್ಲಿ ಇರುವುದೇನು? ಕರಾವಳಿಯ ಒಂದು ಹಳ್ಳಿ. ಒಬ್ಬ ಹುಡುಗ ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಆಡುತ್ತಾನೆ. ಅದು ಸೋಮೇಶ್ವರದ ಸುಲೋಚನಾ ಅಂತ ಊರಿನವರು ನಂಬಿಬಿಡುತ್ತಾರೆ. ಊರಿಗೆಲ್ಲ ರವಿಯಣ್ಣನೇ ದೊಡ್ಡವನು, ಆ ರವಿಯಣ್ಣನಿಗೂ ಒಳಗೊಳಗೇ ಪುಕಪುಕ. ಎರಡನೇ ಸಲ ಹೋದಾಗ ನನ್ನ ಪಕ್ಕ ಕೂತಿದ್ದ ಮಂಗಳೂರಿನ ಹೆಂಗಸು ‘ನಮ್ಮ ಭಾವನೂ ಥೇಟ್ ಹೀಗೇ’ ಅಂತ ಶುರು ಮಾಡಿ, ಇಂಟರ್‌ವಲ್‌ನಲ್ಲಿ ಭಾವನ ಪೂರ್ತಿ ಕತೆ ಹೇಳಿದರು. ಎರಡನೇ ಅರ್ಧದಲ್ಲಿ ರವಿಯಣ್ಣ ಬಂದಾಗೆಲ್ಲ ನನಗೆ ಕಾಣದ ಆ ಭಾವನೇ ಕಂಡ ಹಾಗಾಗಿ ಇನ್ನೂ ಜೋರು ನಗು. ನೂರಾರು ಕೋಟಿಯ ಗ್ರಾಫಿಕ್ಸಿನಲ್ಲಿ ಈ ಭಾವನನ್ನು ಸೃಷ್ಟಿ ಮಾಡಿ ನೋಡೋಣ. ಗ: 1, ಅದೂ ಬಸ್ಸಿಗೆ ಹೊತ್ತಾಯಿತು ಅಂತ.

● ನಮ್ಮ ಮನೆಯವರು ‘ನಾಲ್ಕು ವಾರ ತಡಿ, ಒಟಿಟಿಗೆ ಬರತ್ತೆ’ ಅಂತ ಪಿಕ್ಚರಿಗೇ ಕರೆದುಕೊಂಡು ಹೋಗಲ್ಲ.
— ಅಂಗನವಾಡಿ ಕಾರ್ಯಕರ್ತೆ, ಚಾಮರಾಜನಗರ

ಅವರ ಲೆಕ್ಕ ಸರಿ, ಅದೇ ಬೇಜಾರು. ‘ಚಾಪ್ಟರ್ 1’ ಅಕ್ಟೋಬರ್ 2ಕ್ಕೆ ಬಂದದ್ದು 31ಕ್ಕೆ ಮೊಬೈಲಿನಲ್ಲಿತ್ತು. ಇಪ್ಪತ್ತೊಂಬತ್ತು ದಿನ. ಹಿಂದಿ ಆವೃತ್ತಿಗೆ ಮಾತ್ರ ಎಂಟು ವಾರ ಕಾಯಿಸಿದರು, ಯಾಕೆಂದರೆ ಎಂಟು ವಾರ ಬಿಡದ ಹಿಂದಿ ಸಿನಿಮಾವನ್ನು ದೊಡ್ಡ ಮಲ್ಟಿಪ್ಲೆಕ್ಸಿನವರು ಹಾಕುವುದಿಲ್ಲ. ನೂರು ದಿನದ ಫಲಕ ಕೊಡುತ್ತಿದ್ದ ನಾಡಿನಲ್ಲಿ ನಮ್ಮ ಭಾಷೆಯ ಸಿನಿಮಾಗೆ ಒಂದು ತಿಂಗಳೂ ತುಂಬುವುದಿಲ್ಲ.

ನೀವು ಒಂದು ಕೆಲಸ ಮಾಡಿ. ಅವರನ್ನು ಕಾಯಬೇಡಿ. ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಮ್ಯಾಟಿನಿಗೆ ಹೋಗಿ ಬನ್ನಿ. ಸಂಜೆ ಊಟ ಬಡಿಸುವಾಗ ಕ್ಲೈಮ್ಯಾಕ್ಸ್ ಹೇಳಿಬಿಡಿ. ಮುಂದಿನ ವಾರ ತಾವೇ ಟಿಕೆಟ್ ತರುತ್ತಾರೆ.

● ನಿಮ್ಮ ‘ಗ’ ಕಾಲಂನಲ್ಲಿ ಇದುವರೆಗಿನ ಅತಿ ದೊಡ್ಡ ಅಂಕಿ ಎಷ್ಟು? ಸಿನಿಮಾ ಯಾವುದು?
— ಹಳೇ ವಿದ್ಯಾರ್ಥಿ, ನಂಜನಗೂಡು

ಹನ್ನೊಂದು. ಹೆಸರು ಹೇಳುವುದಿಲ್ಲ, ಆ ಹೀರೋನ ಅಭಿಮಾನಿ ಸಂಘದ ಬೋರ್ಡು ನಮ್ಮ ಬೀದಿ ತುದಿಯಲ್ಲೇ ಇದೆ.

ನಿಜ ಹೇಳಬೇಕೆಂದರೆ ಆ ಹನ್ನೊಂದರಲ್ಲಿ ಕೊನೆಯ ನಾಲ್ಕು ಲೆಕ್ಕಕ್ಕೆ ಬರಬಾರದು. ಎಷ್ಟು ಸಲ ನೋಡಿದರೂ ಎಂಟೂ ಹತ್ತೇ ಇತ್ತು. ಸಿನಿಮಾನೇ ಇಷ್ಟು ನಿಧಾನವಾ ಅಂತ ಗಾಬರಿಯಾಗಿ ವಾಚನ್ನು ಕಿವಿಗೆ ಹಿಡಿದೆ. ನಿಂತುಹೋಗಿತ್ತು, ಬೆಳಿಗ್ಗೆ ಕೀ ಕೊಡುವುದು ಮರೆತಿದ್ದೆ. ಪಕ್ಕದಲ್ಲಿದ್ದ ಹುಡುಗನನ್ನು ಟೈಮೆಷ್ಟಪ್ಪ ಅಂತ ಕೇಳಿದೆ. ಅವನು ಫೋನು ತೆಗೆಯಲಿಲ್ಲ, ಪರದೆಯಿಂದ ಕಣ್ಣೂ ಕೀಳಲಿಲ್ಲ. ‘ಆಂಟಿ, ಇನ್ನೂ ವಿಲನ್ನಿನ ತಮ್ಮ ಬರಬೇಕು’ ಅಂದ.